ಪ್ಲೇಟ್‌ಲೆಟ್ ಕಮ್ಮಿ ಬಂತಾ? ಮೊದಲು ಟ್ಯೂಬ್ ನೋಡಿ

ಚಿಂತಾಮಣಿಯಂಥ ಊರಿನ ಸಣ್ಣ ಕ್ಲಿನಿಕ್‌ನಲ್ಲಿ ಸಿಬಿಸಿ ಮಷೀನ್ (ರಕ್ತಕಣ ಎಣಿಸುವ ಯಂತ್ರ) ಇಟ್ಟಿದ್ದೀರಾ? ಹಾಗಾದರೆ ಯುಪಿಎಸ್ ಬೇಕೇ ಬೇಕು. ಸ್ಯಾಂಪಲ್ ಎಳೆಯುವಾಗ ಕರೆಂಟ್ ಹೋದರೆ ರಕ್ತ ಒಳಗೇ ಉಳಿದು ಕಟ್ಟಿಕೊಳ್ಳುತ್ತದೆ.

ಬೆಳಿಗ್ಗೆ ಆನ್ ಮಾಡಿದ ಕೂಡಲೇ ಬ್ಯಾಕ್‌ಗ್ರೌಂಡ್ ಕೌಂಟ್ (ರಕ್ತ ಹಾಕದೆ ಬರುವ ಎಣಿಕೆ) ನೋಡಿ, ಸೊನ್ನೆಯ ಹತ್ತಿರ ಇರಬೇಕು. ಜಾಸ್ತಿ ಇದ್ದರೆ ಡೈಲ್ಯೂಯೆಂಟ್‌ನ (ರಕ್ತವನ್ನು ತೆಳು ಮಾಡುವ ದ್ರಾವಣದ) ಡೇಟ್ ಮುಗಿದಿರಬಹುದು, ಪೈಪ್‌ನಲ್ಲಿ ಗಾಳಿಗುಳ್ಳೆ ಸೇರಿರಬಹುದು. ಆಮೇಲೆ ಕಂಟ್ರೋಲ್ (ಎಣಿಕೆ ಮೊದಲೇ ಗೊತ್ತಿರುವ ಸ್ಯಾಂಪಲ್) ಓಡಿಸಿ. ಫ್ರಿಡ್ಜ್‌ನಿಂದ ತೆಗೆದ ತಕ್ಷಣ ಹಾಕಬೇಡಿ, ಸುಮಾರು 15 ನಿಮಿಷ ಹೊರಗಿಡಿ.

ಡೆಂಗಿ ಸಮಯದಲ್ಲಿ ಪ್ಲೇಟ್‌ಲೆಟ್ 40 ಸಾವಿರ ಅಂತ ಬಂದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ, ಅಲ್ವಾ? ಅದಕ್ಕೇ ರಿಪೋರ್ಟ್ ಕೊಡುವ ಮುಂಚೆ ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಟ್ಯೂಬ್‌ನಲ್ಲಿ ಒಂದು ಮರದ ಕಡ್ಡಿ ಆಡಿಸಿ ನೋಡಿ, ತುದಿಗೆ ನೂಲಿನಂಥ ಹೆಪ್ಪು ಅಂಟಿ ಬಂದರೆ ಆ ಸ್ಯಾಂಪಲ್ ಬಿಡಿ, ಹೊಸದಾಗಿ ತೆಗೆಯಿರಿ. ತೆಗೆದ ಕೂಡಲೇ ಟ್ಯೂಬನ್ನು 8–10 ಸಲ ಮೆಲ್ಲಗೆ ತಲೆಕೆಳಗು ಮಾಡಿ. ಜೋರಾಗಿ ಕುಲುಕಿದರೆ ಕಣಗಳು ಒಡೆಯುತ್ತವೆ. ಹೆಪ್ಪಿಲ್ಲದಿದ್ದರೂ ಕಮ್ಮಿಯೇ ಬಂದರೆ ಸ್ಮಿಯರ್ ಮಾಡಿಸಿ, ಅಂದರೆ ಗಾಜಿನ ಮೇಲೆ ರಕ್ತ ಹರಡಿ ಮೈಕ್ರೋಸ್ಕೋಪ್‌ನಲ್ಲಿ ನೋಡಿಸಿ. ಅಲ್ಲಿ ಪ್ಲೇಟ್‌ಲೆಟ್ ಗುಂಪುಗುಂಪಾಗಿ ಕಂಡರೆ ಅದು ಇಡಿಟಿಎಯಿಂದ ಆಗಿರಬಹುದು, ಹಾಗಾಗಿ ಸಿಟ್ರೇಟ್ ಟ್ಯೂಬ್‌ನಲ್ಲಿ ರಕ್ತ ತೆಗೆದು ಓಡಿಸಿ, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಿ (ಸಿಟ್ರೇಟ್ ದ್ರಾವಣ ರಕ್ತವನ್ನು ತುಸು ತೆಳು ಮಾಡಿರುತ್ತದೆ).

ಮಷೀನ್ ಕ್ಲಾಗ್ (ದಾರಿ ಕಟ್ಟಿದೆ) ಅಂತ ತೋರಿಸಿದರೆ ಮೆನುವಿನಲ್ಲಿರುವ ಫ್ಲಶ್ ಒತ್ತಿ. ಹೋಗದಿದ್ದರೆ ಕಂಪನಿಯ ಕ್ಲೀನರ್‌ನಲ್ಲಿ ಪ್ರೋಬ್ (ರಕ್ತ ಎಳೆಯುವ ಸೂಜಿ) ನೆನೆಸುವ ಆಯ್ಕೆ ಹಾಕಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಅದನ್ನು ಮಷೀನ್‌ಗೆ ಯಾವತ್ತೂ ತಾಗಿಸಬೇಡಿ. ಇಷ್ಟಾದ ಮೇಲೂ ಕಂಟ್ರೋಲ್‌ನ ಎಣಿಕೆ ಮಿತಿಯ ಹೊರಗೇ ಇದ್ದರೆ ಅವತ್ತು ರಿಪೋರ್ಟ್ ಕೊಡಬೇಡಿ. ಇಂಜಿನಿಯರ್‌ಗೆ ಫೋನ್ ಮಾಡಿ, ಸ್ಯಾಂಪಲ್‌ಗಳನ್ನು ಬೇರೆ ಲ್ಯಾಬ್‌ಗೆ ಕಳಿಸಿ.