ಹೃದಯ ನಿಂತು ಮತ್ತೆ ಹೊಡೆದುಕೊಂಡ ಮೇಲೆ: ಮೆದುಳಿನ ಸ್ಕ್ಯಾನ್ ನಾನು ನೋಡುವ ಬಗೆ

ಐಸಿಯುನಿಂದ ಫೋನ್ ಬರುತ್ತದೆ. "ಹೃದಯ ನಿಂತಿತ್ತು, ಸಿಪಿಆರ್ ಆಗಿ ವಾಪಸ್ ಬಂದಿದ್ದಾರೆ, ಪ್ರಜ್ಞೆ ಇಲ್ಲ. ಸಿಟಿ ನೋಡಿ ಹೇಳಿ." ನಾನು ಮೊದಲು ಕೇಳುವುದು: ಹೃದಯ ನಿಂತು ಎಷ್ಟು ಗಂಟೆ ಆಯಿತು?

ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಎರಡು ಗಂಟೆಯೊಳಗಿನ ಸಿಟಿ ನೋಡಿ "ನಾರ್ಮಲ್" ಎಂದು ಬರೆದುಕೊಟ್ಟೆ. ಮನೆಯವರ ಕಿವಿಗೆ ಅದು "ಮೆದುಳಿಗೆ ಏನೂ ಆಗಿಲ್ಲ" ಎಂದು ಬಿತ್ತು. ನಾಲ್ಕನೇ ದಿನ ಎಂಆರ್‌ಐ ಮಾಡಿದಾಗ ರಕ್ತ ಸಿಗದೆ ಆದ ಹಾನಿ ಎದ್ದು ಕಂಡಿತು. ಅಷ್ಟು ಬೇಗ ಸಿಟಿಯಲ್ಲಿ ಹಾನಿ ಕಾಣದಿರಬಹುದು; ಆ ಮೊದಲ ಸಿಟಿ ಮುಖ್ಯವಾಗಿ ತಲೆಯೊಳಗೆ ರಕ್ತಸ್ರಾವ ಆಗಿದೆಯಾ ಎಂದು ನೋಡಲಿಕ್ಕೆ, ಅಷ್ಟೇ.

ಸಿಟಿ ತೆರೆದ ಕೂಡಲೇ ವಿಂಡೋ (ಪರದೆಯಲ್ಲಿ ಕಪ್ಪಿನಿಂದ ಬಿಳಿಯವರೆಗೆ ತೋರುವ ಅಂಕಿಗಳ ವ್ಯಾಪ್ತಿ) ಕಿರಿದು ಮಾಡಿ: ಅಗಲ 40, ಮಟ್ಟ 40ರ ಆಸುಪಾಸು. ಮಾಮೂಲಿ ವಿಂಡೋದಲ್ಲಿ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಗ್ರೇ ಮ್ಯಾಟರ್ (ನರಕೋಶಗಳ ಭಾಗ), ನರತಂತುಗಳಿರುವ ವೈಟ್ ಮ್ಯಾಟರ್‌ಗಿಂತ ಬೆಳ್ಳಗಿರಬೇಕು. ಗ್ರೇ ಊದಿಕೊಂಡು ಮಂಕಾದರೆ ನಡುವಿನ ಗೆರೆ ಅಳಿಸುತ್ತದೆ.

ಕಣ್ಣನ್ನೇ ನಂಬಬೇಡಿ, ಅಳೆಯಿರಿ. ಪುಟಾಮೆನ್ (ಮೆದುಳಿನ ಆಳದ ಗ್ರೇ ಮ್ಯಾಟರ್) ಮೇಲೆ ಒಂದು ಪುಟ್ಟ ವೃತ್ತ, ಅದರ ಹತ್ತಿರದ ವೈಟ್ ಮ್ಯಾಟರ್ ಆದ ಇಂಟರ್ನಲ್ ಕ್ಯಾಪ್ಸೂಲ್‌ನ ಹಿಂಭಾಗದ ಮೇಲೆ ಇನ್ನೊಂದು. ವೃತ್ತದೊಳಗಿನ ಸಾಂದ್ರತೆಯ ಅಂಕಿ (ಎಚ್‌ಯು) 38ಕ್ಕೆ 28 ಬಂದರೆ ಅನುಪಾತ 1.36, ಚೆನ್ನಾಗಿದೆ. 31ಕ್ಕೆ 29 ಬಂದರೆ 1.07, ಚಿಂತೆಯ ವಿಷಯ. ಎರಡೂ ಬದಿ ಅಳೆಯಿರಿ. ಎಲ್ಲ ಕಡೆಗೂ ಒಂದೇ ಗಡಿ ಅಂತಿಲ್ಲ, ಯಂತ್ರ ಬದಲಾದರೆ ಅಂಕಿಯೂ ಅಲ್ಪಸ್ವಲ್ಪ ಬದಲಾಗುತ್ತದೆ.

ಇನ್ನೊಂದು ಮೋಸ ಇದೆ. ಮೆದುಳು ತುಂಬಾ ಊದಿದಾಗ ಅದರ ಮಡಿಕೆಗಳ ನಡುವಿನ ಸಂದುಗಳು ಬೆಳ್ಳಗೆ ಕಂಡು, ರಕ್ತಸ್ರಾವ ಅನ್ನಿಸಿಬಿಡುತ್ತದೆ. ಅಲ್ಲೂ ವೃತ್ತ ಇಡಿ. ತಾಜಾ ರಕ್ತ ಸಾಮಾನ್ಯವಾಗಿ 60ರ ಆಸುಪಾಸು ಇರುತ್ತದೆ, ಊತದ ಈ ಬಿಳುಪು ಅದಕ್ಕಿಂತ ಸಾಕಷ್ಟು ಕೆಳಗೆ.

ಎಂಆರ್‌ಐಗೆ 2ರಿಂದ 7ನೇ ದಿನ ಸರಿಯಾದ ಹೊತ್ತು. ನೀರಿನ ಕಣಗಳ ಚಲನೆ ತೋರಿಸುವ ಡಿಫ್ಯೂಷನ್‌ನಲ್ಲಿ ಬೆಳ್ಳಗಿರುವುದು ಆ ಚಲನೆಯನ್ನು ಅಳೆದು ತೋರಿಸುವ ಎಡಿಸಿ ಮ್ಯಾಪ್‌ನಲ್ಲಿ ಕಪ್ಪಾಗಿರಬೇಕು, ಆಗಲೇ ಅದು ನಿಜವಾದ ಹಾನಿ. ಕಾರ್ಟೆಕ್ಸ್ (ಮೆದುಳಿನ ಹೊರಪದರ), ಬೇಸಲ್ ಗ್ಯಾಂಗ್ಲಿಯಾ (ಪುಟಾಮೆನ್ ಸೇರಿದ ಆಳದ ಗ್ರೇ ಭಾಗಗಳು) ಮೊದಲು ನೋಡಿ. ವಾರ ಕಳೆದ ಮೇಲೆ ಎಡಿಸಿ ಮತ್ತೆ ಮಾಮೂಲಿಯಂತೆ ಕಾಣಬಹುದು, ಖುಷಿಪಡಬೇಡಿ. ಫಿಟ್ಸ್ ಬಂದಿದ್ದರೆ, ಸಕ್ಕರೆ ತೀರಾ ಇಳಿದಿದ್ದರೆ ಕೂಡ ಕಾರ್ಟೆಕ್ಸ್ ಹೀಗೇ ಹೊಳೆಯುತ್ತದೆ. ಹಾಗಾಗಿ ಕೇಸ್ ಶೀಟ್ ಓದದೆ ರಿಪೋರ್ಟ್ ಬರೆಯಬೇಡಿ.

ಸ್ಕ್ಯಾನ್ ಒಂದನ್ನೇ ಹಿಡಿದು ಯಾರ ಭವಿಷ್ಯವನ್ನೂ ಹೇಳಲಾಗದು, ಅಲ್ವಾ? ಕನಿಷ್ಠ 72 ಗಂಟೆ ಕಾಯಬೇಕು, ನಿದ್ದೆಯ ಔಷಧ ಇಳಿದಿರಬೇಕು. ಕಣ್ಣಿನ ಪಾಪೆಯ ಪ್ರತಿಕ್ರಿಯೆ, ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ), ಎಸ್‌ಎಸ್‌ಇಪಿ (ಕೈಯ ನರಕ್ಕೆ ಕೊಟ್ಟ ಸಂಕೇತ ಮೆದುಳಿಗೆ ತಲುಪುತ್ತದಾ ಎಂಬ ಪರೀಕ್ಷೆ), ನರಕೋಶದ ಹಾನಿ ಸೂಚಿಸುವ ಎನ್‌ಎಸ್‌ಇ ರಕ್ತಪರೀಕ್ಷೆ ಎಲ್ಲ ಜೊತೆಗಿರಬೇಕು. ಅದಕ್ಕೇ ರಿಪೋರ್ಟ್‌ನ ಮೊದಲ ಸಾಲಿನಲ್ಲೇ "ಹೃದಯ ನಿಂತು ಇಷ್ಟು ಗಂಟೆ" ಎಂದು ಬರೆಯುತ್ತೇನೆ. ಬೇಗ ತೆಗೆದ ಸಿಟಿಯಾದರೆ "ಹಾನಿ ಇನ್ನೂ ಕಾಣದಿರಬಹುದು" ಎಂದು ಸೇರಿಸಿಯೇ ಸಹಿ ಹಾಕುತ್ತೇನೆ.