ಹುತ್ತರಿ ಪಾಟ್‌ಗೆ ಗಿಟಾರ್ ಕಾರ್ಡ್ಸ್ ನೆಟ್‌ನಲ್ಲಿ ಹುಡುಕಬೇಡಿ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂದ ಹಾಗೆ ‘ಈ ಪಾಟ್‌ಗೆ (ಹಾಡಿಗೆ) ಕಾರ್ಡ್ಸ್ ಇದ್ಯಾ’ ಅಂತ ಯಾರಾದ್ರೂ ಕೇಳ್ತಾನೇ ಇರ್ತಾರೆ. ನೆಟ್‌ನಲ್ಲಿ ಸಿಗೋದು ಕಮ್ಮಿ. ಸಿಕ್ಕಿದ್ರೂ ನಿಮ್ಮ ಊರಿನವರು ಹಾಡೋ ಶ್ರುತಿಗೆ ಕೂರಲ್ಲ.

ನಾನು ಮಾಡೋದು ಇಷ್ಟು. ದುಡಿ (ಕೊಡವರ ಪುಟ್ಟ ಚರ್ಮವಾದ್ಯ) ಬಡಿದು ಹಾಡೋದನ್ನ ಫೋನಲ್ಲಿ ರೆಕಾರ್ಡ್ ಮಾಡಿಕೊಳ್ತೇನೆ. ಸಾಲು ಮುಗಿದಾಗ ದನಿ ಎಲ್ಲಿ ಬಂದು ಕೂರುತ್ತೆ ನೋಡಿ, ಆ ಸ್ವರವನ್ನ ಗುನುಗುತ್ತಾ ಗಿಟಾರಿನ ಆರನೇ ತಂತಿಯಲ್ಲಿ (ಎಲ್ಲಕ್ಕಿಂತ ದಪ್ಪದ್ದು) ಒಂದೊಂದೇ ಫ್ರೆಟ್ ಒತ್ತಿ ಹುಡುಕಿ. ಐದನೇ ಫ್ರೆಟ್‌ನಲ್ಲಿ ಸಿಕ್ಕಿದ್ರೆ ನಿಮ್ಮ ‘ಸ’ ಎ. ಆಗ ಎರಡನೇ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನ ಒತ್ತಿ ಹಿಡಿಯೋ ಕ್ಲಿಪ್) ಹಾಕಿ ಜಿ, ಸಿ, ಡಿ ಕಾರ್ಡ್ ಹಿಡಿದು ನೋಡಿ. ತುಂಬಾ ಹಾಡುಗಳಿಗೆ ಈ ಮೂರೇ ಸಾಕು. ‘ಗ’ ಕೋಮಲ ಅನ್ನಿಸಿದ್ರೆ ಮೇಜರ್ ಬಿಟ್ಟು ಮೈನರ್ ಹಿಡೀರಿ. ಯಾವುದು ಅಂತ ಗೊತ್ತಾಗದಿದ್ರೆ ‘ಸ’, ‘ಪ’ ಎರಡನ್ನೇ ಮೀಟುತ್ತಾ ಇರಿ, ತಂಬೂರಿ ಥರ. ಸುಮ್ನೆ ಪ್ರತಿ ಪದಕ್ಕೂ ಕಾರ್ಡ್ ಬದಲಿಸೋಕೆ ಹೋಗಬೇಡಿ, ಅದು ಕೇಳೋಕೆ ಚರ್ಚ್ ಕಾಯರ್ ಥರ ಆಗುತ್ತೆ (ನಾನೂ ಮೊದಲು ಹಾಗೇ ಕೆಡಿಸಿದ್ದೆ).

ಸ್ಟ್ರಮ್ಮಿಂಗ್ ಮಾತ್ರ ದುಡಿ ಕೇಳಿಕೊಂಡೇ ಮಾಡಿ. ಅಂಗೈ ತಂತಿ ಮೇಲೆ ಒರಗಿಸಿ ಹೊಡೆದ್ರೆ ಆ ‘ಡುಬ್’ ಸದ್ದು ಬರುತ್ತೆ.