ಆಲ್ಬಿನೊ ಮರಿಗಾಗಿ ಅಣ್ಣ-ತಂಗಿಯನ್ನು ಕೂಡಿಸಬೇಕಿಲ್ಲ

ಬಾಲ್ ಪೈಥಾನ್ ಹಾವಿನಲ್ಲಿ ಆಲ್ಬಿನೊ (ಕಪ್ಪು ವರ್ಣದ್ರವ್ಯವಿಲ್ಲದ) ಮರಿ ಪಡೆಯಲು ಹೆಚ್ಚಿನವರು ಹಿಡಿಯುವ ದಾರಿ ಒಂದೇ. ಆಲ್ಬಿನೊ ಗಂಡನ್ನು ಸಾಮಾನ್ಯ ಹೆಣ್ಣಿಗೆ ಬಿಡುತ್ತಾರೆ. ಹುಟ್ಟಿದ ಹೆಟ್ (ಆಲ್ಬಿನೊ ಜೀನ್‌ನ ಒಂದೇ ಪ್ರತಿ ಹೊತ್ತು, ನೋಡಲು ಸಾಮಾನ್ಯವಾಗಿರುವ) ಮರಿಗಳು ಬೆಳೆದ ಮೇಲೆ ಅವನ್ನೇ ಪರಸ್ಪರ ಕೂಡಿಸುತ್ತಾರೆ, ಇಲ್ಲವೇ ಮಗಳನ್ನು ಅಪ್ಪನಿಗೇ ಬಿಡುತ್ತಾರೆ. ಎರಡರಲ್ಲೂ ಮರಿಯ ಒಳತಳಿ ಗುಣಾಂಕ (ಒಂದು ಜೀನ್‌ನ ಎರಡೂ ಪ್ರತಿ ಒಂದೇ ಪೂರ್ವಜನಿಂದ ಬಂದಿರುವ ಸಂಭವ) 0.25. ಬಣ್ಣದ ಜೀನ್ ಜೋಡಿಯಾಗುವಂತೆಯೇ ಅಡಗಿದ್ದ ದೋಷಗಳೂ ಜೋಡಿಯಾಗುತ್ತವೆ.

ನಾನು ಎರಡು ಕವಲು ನಡೆಸುತ್ತೇನೆ. ಸಂಬಂಧವಿಲ್ಲದ ಎರಡು ಆಲ್ಬಿನೊ, ಅವಕ್ಕೆ ಸಂಬಂಧವಿಲ್ಲದ ಎರಡು ಸಾಮಾನ್ಯ ಹಾವು. ಎರಡೂ ಕಡೆ ಹುಟ್ಟುವುದೆಲ್ಲ ಖಚಿತ ಹೆಟ್. ಒಂದು ಕವಲಿನ ಗಂಡನ್ನು ಇನ್ನೊಂದರ ಹೆಣ್ಣಿಗೆ ಬಿಟ್ಟರೆ ಸರಾಸರಿ ನಾಲ್ಕರಲ್ಲೊಂದು ಆಲ್ಬಿನೊ, ಗುಣಾಂಕ ಸೊನ್ನೆ. ಖರ್ಚು ಉಳಿಸಲು ಎರಡೂ ಕವಲಿಗೆ ಒಂದೇ ಗಂಡು ಬಳಸಿದರೆ ಅದು 0.125ಕ್ಕೆ ಏರುತ್ತದೆ. ಹೆಣ್ಣು 1,500 ಗ್ರಾಂ ತೂಗಲು ಮೂರು ವರ್ಷ ಹೇಗೂ ಕಾಯಬೇಕು, ಹಾಗಾಗಿ ಕಾಲ ವ್ಯರ್ಥವೇನಿಲ್ಲ; ಹೆಚ್ಚು ಬೇಕಾಗುವುದು ಇನ್ನೊಂದು ಜೋಡಿಗೆ ಇಲಿ ಮತ್ತು ಜಾಗ.

ಬೆಂಗಳೂರಿನಲ್ಲಿ ಕಷ್ಟವಿರುವುದು ಸಂಬಂಧವಿಲ್ಲದ ಹಾವು ಹುಡುಕುವುದರಲ್ಲಿ. ಒಂದನ್ನು ಯಲಹಂಕದಿಂದ, ಇನ್ನೊಂದನ್ನು ಜೆ.ಪಿ. ನಗರದಿಂದ ತಂದರೂ ಎರಡೂ ಒಂದೇ ಕ್ಲಚ್‌ನವಾಗಿರಬಹುದು, ಅಂದರೆ ಒಂದೇ ಸಲ ಇಟ್ಟ ಮೊಟ್ಟೆಗಳಿಂದ ಬಂದವಾಗಿರಬಹುದು. ಅಪ್ಪ-ಅಮ್ಮನ ಫೋಟೊ, ಮೊಟ್ಟೆಯೊಡೆದ ದಿನ, ಪರಿವೇಶ್ (ಕೇಂದ್ರ ಪರಿಸರ ಸಚಿವಾಲಯದ ಪೋರ್ಟಲ್) ನೋಂದಣಿ ಪತ್ರ ಮೂರನ್ನೂ ಕೇಳಿ. ಈ ಹಾವು ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ) ಎರಡನೇ ಅನುಬಂಧದಲ್ಲಿದೆ. 2024ರ ನಿಯಮದಂತೆ ನೋಂದಣಿ ಕಡ್ಡಾಯ. ಉತ್ತರ ಸಿಗದಿದ್ದರೆ ರಕ್ತಸಂಬಂಧಿ ಎಂದೇ ಬರೆದುಕೊಳ್ಳುತ್ತೇನೆ.

ಹೆಣ್ಣು ತಿಂಗಳುಗಟ್ಟಲೆ ವೀರ್ಯವನ್ನು ಒಳಗೇ ಉಳಿಸಿಕೊಳ್ಳಬಲ್ಲದು. ಅದಕ್ಕೇ ಒಂದು ಹೆಣ್ಣಿಗೆ ಋತುವಿಗೊಂದೇ ಗಂಡು. ಗಂಡು ಬದಲಾದರೆ ಮುಂದಿನ ಕ್ಲಚ್‌ನ ದಾಖಲೆ ಕಾರ್ಡಿನಲ್ಲಿ ಅಪ್ಪನ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ. ಪ್ರತಿ ಮರಿಯ ಬೆನ್ನಿನ ಚಿತ್ತಾರವನ್ನು ಮೇಲಿನಿಂದ ಫೋಟೊ ತೆಗೆದು ಕಾರ್ಡಿಗೆ ಅಂಟಿಸಿಡುತ್ತೇನೆ. ಎರಡು ಮರಿಗಳ ಚಿತ್ತಾರ ಒಂದೇ ಆಗಿರುವುದಿಲ್ಲ, ಡಬ್ಬಿ ಅದಲುಬದಲಾದರೂ ಗುರುತು ಸಿಗುತ್ತದೆ.

ಬೆನ್ನುಮೂಳೆ ತಿರುಚಿದ ಮರಿ ಬಂದರೆ ಕೂಡಲೇ ಒಳತಳಿಯನ್ನು ದೂರಬೇಡಿ. ಕಾವಿನ ಶಾಖ ಹೆಚ್ಚಾದರೂ ಹೀಗಾಗುತ್ತದೆ. 31.5 ಡಿಗ್ರಿಗೆ ಥರ್ಮೋಸ್ಟಾಟ್ ಇಟ್ಟು, ಮೊಟ್ಟೆ ಡಬ್ಬಿಯೊಳಗೇ ಡೇಟಾ ಲಾಗರ್ (ಶಾಖವನ್ನು ಸತತ ದಾಖಲಿಸುವ ಸಾಧನ) ಇಡಿ. ಏಪ್ರಿಲ್ ಮಧ್ಯಾಹ್ನದ ಏರಿಕೆ, ಕರೆಂಟ್ ಹೋದಾಗಿನ ಇಳಿಕೆ ಎಲ್ಲ ಅದರಲ್ಲಿ ಸಿಗುತ್ತದೆ. ಲಾಗರ್‌ನ ಶಾಖದ ಗೆರೆ ನೇರವಿದ್ದೂ ಅದೇ ಜೋಡಿಯಿಂದ ಮತ್ತೆ ತಿರುಚು ಬಂದರೆ ಆ ಜೋಡಿಯನ್ನು ನಿಲ್ಲಿಸುವುದೇ ಸರಿ.

ಸ್ಪೈಡರ್ ಎಂಬ ಮಾರ್ಫ್‌ನ (ಬಣ್ಣ-ಚಿತ್ತಾರದ ಬಗೆಯ) ತಲೆ ನಡುಕ ಬೇರೆಯದೇ ಸಂಗತಿ. ಅದು ಆ ಪ್ರಬಲ ಜೀನ್ ಜೊತೆಗೇ ಬರುತ್ತದೆ, ಎಷ್ಟೇ ಹೊಸ ರಕ್ತ ಸೇರಿಸಿದರೂ ಹೋಗದು. ಆ ಮಾರ್ಫನ್ನು ನಾನು ಬೆಳೆಸುವುದಿಲ್ಲ.

ಮರಿ ಕೊಡುವಾಗ ಕಾರ್ಡಿನ ಪ್ರತಿಯೂ ಜೊತೆಗೆ ಹೋಗುತ್ತದೆ. ಒಂದೇ ಕ್ಲಚ್‌ನ ಗಂಡು-ಹೆಣ್ಣನ್ನು ಜೋಡಿಯೆಂದು ಒಬ್ಬರಿಗೇ ಕೊಡುವುದಿಲ್ಲ, ಎಷ್ಟು ಬೆಲೆ ಹೇಳಿದರೂ.